ಒಲೆಯ ಮುಂದೆ ಧೈರ್ಯ ಮಾಡಿ, ಕನ್ನಡಿಯ ಮುಂದೆ ಸ್ವಲ್ಪ ಅಂಜಿ

ಊರು ಬಿಟ್ಟು ಬಂದು ಬೆಂಗಳೂರಿನ ಪಿ.ಜಿ.ಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ ಇರುವ ಹುಡುಗಿಯರೇ, ಹುಡುಗರೇ,



ಈ ಪತ್ರ ಬರೆಯುತ್ತಿರುವಾಕೆಯನ್ನು ನೀವು ಕಂಡಿರಲಾರಿರಿ. ಆದರೆ ಅಂಥ ಒಬ್ಬಳು ನಿಮ್ಮ ಬೀದಿಯಲ್ಲೂ ಇದ್ದೇ ಇರುತ್ತಾಳೆ. ವಿಜಯನಗರದಲ್ಲಿ ಹಳೆಯ ಮನೆ, ಮಹಡಿಯ ಮೇಲೆ ಎರಡು ಕೋಣೆ, ಒಂದು ಪುಟ್ಟ ಅಡುಗೆಮನೆ. ಹಾವೇರಿ, ಸಾಗರ, ಸಿಂಧನೂರು ಕಡೆಯಿಂದ ಕೆಲಸಕ್ಕೆಂದು ಬಂದ ಹುಡುಗಿಯರು ಅಲ್ಲಿ ಬಾಡಿಗೆಗೆ ಇರುತ್ತಾರೆ, ಮದುವೆಯಾಗಿಯೋ ಕೆಲಸ ಬದಲಿಸಿಯೋ ಹೋಗುತ್ತಾರೆ, ಆ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ. ಎಲ್ಲರಿಗೂ ಆಕೆ ‘ಆಂಟಿ’. ಬೇರೆ ಹೆಸರು ಆಕೆಗೆ ಇದೆಯೆಂದು ಅವರಲ್ಲಿ ಅನೇಕರಿಗೆ ಗೊತ್ತಾಗುವುದು ಬಾಡಿಗೆ ಕರಾರಿಗೆ ಸಹಿ ಹಾಕುವಾಗಲೇ.

ಬಾಡಿಗೆಯವರು ಹೇಗೆ ಬದುಕುತ್ತಾರೆ ಎಂಬುದನ್ನು ಕಸ ಹೇಳುತ್ತದೆ. ಬೆಂಗಳೂರಿನಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಬೇಕಲ್ಲ, ಮಹಡಿಯಿಂದ ಇಳಿದು ಬರುವ ಒಣ ಕಸದ ಚೀಲ ಯಾವಾಗಲೂ ಉಬ್ಬಿರುತ್ತದೆ. ಊಟ ಬಂದ ಪ್ಲಾಸ್ಟಿಕ್ ಡಬ್ಬಿಗಳು, ಅವುಗಳ ನಡುವೆ ಡ್ರಾಪರ್ ಇರುವ ಪುಟ್ಟ ಗಾಜಿನ ಬಾಟಲಿಗಳು, ಮುಖಕ್ಕೆ ಅಂಟಿಸಿಕೊಂಡು ಎಸೆದ ಶೀಟ್ ಮಾಸ್ಕುಗಳು, ತುದಿ ಮಾತ್ರ ಹಿಂಡಿದ ಟ್ಯೂಬುಗಳು. ಅರ್ಧ ತುಂಬಿದ ಬಾಟಲಿಯನ್ನು ಯಾಕೆ ಎಸೆದೆ ಎಂದು ಕೇಳಿದರೆ, ‘ಇದು ನನಗೆ ಸೆಟ್ ಆಗಲಿಲ್ಲ ಆಂಟಿ’ ಎಂಬ ಉತ್ತರ. ಹಸಿ ಕಸದ ಬಕೆಟ್ಟು ಮಾತ್ರ ಖಾಲಿ. ಒಂದು ಈರುಳ್ಳಿ ಸಿಪ್ಪೆಯಿಲ್ಲ, ಕರಿಬೇವಿನ ಕಡ್ಡಿಯಿಲ್ಲ, ಕೆಲವೊಮ್ಮೆ ಟೀ ಚರಟವೂ ಇಲ್ಲ.

‘ಅಡುಗೆ ಮಾಡಬಾರದೇ?’ ಎಂದರೆ ‘ಕೆಟ್ಟು ಹೋದರೆ?’ ಎನ್ನುತ್ತಾರೆ.

ನಿಮ್ಮ ಗಮನಕ್ಕೆ ತರಬೇಕಾದದ್ದು ಇದೇ. ಹೆಸರೇ ಕೇಳಿರದ ಒಂದು ದ್ರವವನ್ನು ರಾತ್ರಿ ಹತ್ತು ಗಂಟೆಗೆ ತರಿಸಿ, ಹತ್ತೂಕಾಲಿಗೆ ಇಡೀ ಮುಖಕ್ಕೆ ಹಚ್ಚಿಕೊಳ್ಳುವ ಧೈರ್ಯ ನಿಮಗಿದೆ. ಒಂದು ಹಿಡಿ ಬೇಳೆ ಬೇಯಿಸುವ ಧೈರ್ಯವಿಲ್ಲ. ಸಾರು ಕೆಟ್ಟರೆ ಹೋಗುವುದು ಬೇಳೆ, ಎರಡು ಟೊಮೆಟೊ, ಅರ್ಧ ಗಂಟೆ. ಮುಖ ಕೆಟ್ಟರೆ ತಿಂಗಳುಗಟ್ಟಲೆ ಚರ್ಮದ ಡಾಕ್ಟರ ಬಾಗಿಲು. ಧೈರ್ಯ ಎಲ್ಲಿ ಬೇಕೋ ಅಲ್ಲಿಲ್ಲ, ಅಂಜಿಕೆ ಎಲ್ಲಿ ಬೇಕೋ ಅಲ್ಲಿಲ್ಲ. ಅವೆರಡನ್ನೂ ದಯವಿಟ್ಟು ಅದಲು ಬದಲು ಮಾಡಿಕೊಳ್ಳಿ ಎಂದು ಕೇಳಿಕೊಳ್ಳುವುದಕ್ಕಾಗಿ ಈ ಪತ್ರ.

ಹೊಸದನ್ನು ಮುಟ್ಟಲೇಬೇಡಿ ಎಂದು ಯಾರೂ ಹೇಳುತ್ತಿಲ್ಲ. ನಿಮ್ಮ ಅಜ್ಜಿಯರೂ ಹೊಸದನ್ನು ಪ್ರಯತ್ನಿಸಿದವರೇ. ಮೊದಲ ಮಹಾಯುದ್ಧದಿಂದಾಗಿ ಶ್ರೀಗಂಧ ಯುರೋಪಿಗೆ ಹೋಗುವುದು ನಿಂತು, ಮೈಸೂರು ಸಂಸ್ಥಾನದಲ್ಲಿ ಕೊರಡು ರಾಶಿ ಬಿದ್ದಿತು. ಆಗ ಗಂಧದೆಣ್ಣೆ ಇಲ್ಲೇ ತೆಗೆಯೋಣ, ಸಾಬೂನೂ ಇಲ್ಲೇ ಮಾಡೋಣ ಎಂದು ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯ ಹೊರಟರು. ಅದನ್ನು ಕಲಿತು ಬರಲು ಎಸ್.ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳಿಸಿದರು. ಸೀಗೇಕಾಯಿ, ಕಡಲೆಹಿಟ್ಟು ಬಿಟ್ಟು ಬೇರೆ ತಿಳಿಯದ ಮನೆಗಳ ಬಚ್ಚಲಿಗೆ ಮೈಸೂರ್ ಸ್ಯಾಂಡಲ್ ಸೋಪು ಬಂದಾಗ ಅದೂ ಹೊಸ ಪ್ರಾಡಕ್ಟೇ. ಆದರೆ ಆ ಅಜ್ಜಿಯರಿಗೆ ಒಂದು ಅನುಕೂಲವಿತ್ತು: ಹೊಸದು ವರ್ಷಕ್ಕೊಂದು ಬರುತ್ತಿತ್ತು. ನಿಮ್ಮ ಫೋನಿನಲ್ಲಿ ಅದು ಗಂಟೆಗೊಂದು ಬರುತ್ತದೆ.

ಹರೆಯದವರಲ್ಲಿ ಚರ್ಮದ ಮೇಲ್ಪದರ ಹಳತಾಗಿ ಉದುರಿ ಹೊಸತು ಬರಲು ಸುಮಾರು ನಾಲ್ಕು ವಾರ ಬೇಕು. ಮೊದಲ ವಾರ ನಯಾಸಿನಮೈಡ್, ಎರಡನೇ ವಾರ ವಿಟಮಿನ್ ಸಿ, ಮೂರನೇ ವಾರ ರೆಟಿನಾಲ್, ಅದರ ಮೇಲೆ ವಾರಾಂತ್ಯಕ್ಕೆ ಸ್ಯಾಲಿಸಿಲಿಕ್ ಆಸಿಡ್ ಎಂದು ಹಚ್ಚುತ್ತ ಹೋದರೆ ಯಾವುದು ಒಗ್ಗಿತು, ಯಾವುದು ಒಗ್ಗಲಿಲ್ಲ ಎಂದು ಹೇಳಲು ಚರ್ಮತಜ್ಞರಿಂದಲೂ ಆಗದು. ಒಂದು ಸಲಕ್ಕೆ ಒಂದೇ ಹೊಸದು. ಅದನ್ನೂ ನೇರವಾಗಿ ಮುಖಕ್ಕಲ್ಲ, ಮೊಣಕೈಯ ಒಳಬದಿಗೆ ಎರಡು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ, ದಿನಕ್ಕೆ ಎರಡು ಸಲ, ವಾರದಿಂದ ಹತ್ತು ದಿನ. ಕೆಂಪಾಗಲಿಲ್ಲ, ತುರಿಸಲಿಲ್ಲ, ಗುಳ್ಳೆ ಏಳಲಿಲ್ಲ ಎಂದರೆ ಆಮೇಲೆ ಮುಖಕ್ಕೆ. ತಲೆಗೂದಲಿಗೆ ಬಣ್ಣ ಹಚ್ಚುವವರಿಗೆ ಡಬ್ಬಿಯ ಮೇಲೆಯೇ 48 ಗಂಟೆ ಮೊದಲು ಪರೀಕ್ಷೆ ಮಾಡಿ ಎಂದು ಬರೆದಿರುತ್ತದೆ. ಅದು ಅಲಂಕಾರಕ್ಕೆ ಬರೆದ ಸಾಲಲ್ಲ. ಕಪ್ಪು ಬಣ್ಣದಲ್ಲಿರುವ ಪಿ.ಪಿ.ಡಿ. ಎಂಬ ರಾಸಾಯನಿಕ ಕೆಲವರಿಗೆ ಕಣ್ಣು ಮುಚ್ಚಿಹೋಗುವಷ್ಟು ಊತ ತರುತ್ತದೆ. ಹಬ್ಬದ ದಿನ ಕೋನಿನಲ್ಲಿ ಸಿಗುವ ‘ಕಪ್ಪು ಮೆಹಂದಿ’ಯಲ್ಲೂ ಅದೇ ಇರುವುದುಂಟು. ಗೋರಂಟಿ ಅರೆದು ಹಚ್ಚಿದರೆ ಬರುವುದು ಕೆಂಪೇ, ಎಂದೂ ಕಪ್ಪಲ್ಲ.

‘ಹಾಗಾದರೆ ಕೆಮಿಕಲ್ ಬೇಡ ಆಂಟಿ, ಅಡುಗೆಮನೆಯದನ್ನೇ ಹಚ್ಚುತ್ತೇವೆ’ ಎಂದು ಹೇಳುವ ಜಾಣೆಯರೂ ಮಹಡಿಯಲ್ಲಿ ಇದ್ದರು. ಅಂಥವಳೊಬ್ಬಳು ರೀಲ್ಸ್ ನೋಡಿ ನಿಂಬೆರಸಕ್ಕೆ ಸಕ್ಕರೆ ಕಲಸಿ ಮುಖಕ್ಕೂ ಕತ್ತಿಗೂ ತಿಕ್ಕಿಕೊಂಡು, ಸರಿಯಾಗಿ ತೊಳೆಯದೆ ಗೆಳತಿಯರ ಜೊತೆ ನಂದಿಬೆಟ್ಟಕ್ಕೆ ಹೋದಳು. ಮರುದಿನ ಕತ್ತಿನಲ್ಲಿ ಉರಿ. ಮೂರನೇ ದಿನಕ್ಕೆ ಕಂದು ಪಟ್ಟೆಗಳು, ರಸ ಹರಿದ ದಾರಿಯಲ್ಲೇ, ಬೆರಳು ಎಳೆದ ಗುರುತಿನ ಹಾಗೆ. ಆಫೀಸಿನಲ್ಲಿ ಯಾರೋ ‘ಏನಾಯ್ತು, ಯಾರು ಹೊಡೆದರು?’ ಎಂದು ಕೇಳಿದರಂತೆ. ಯಾರೂ ಹೊಡೆದಿರಲಿಲ್ಲ. ನಿಂಬೆಯಲ್ಲಿ ಫ್ಯೂರನೊಕೂಮರಿನ್ ಎಂಬ ಅಂಶವಿದೆ. ಅದು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟಂತಾಗುತ್ತದೆ, ಕಲೆ ಹೋಗಲು ವಾರಗಳೋ ತಿಂಗಳುಗಳೋ ಹಿಡಿಯುತ್ತದೆ. ನಮ್ಮ ಸಂತೆಗಳಲ್ಲಿ ಸಿಗುವ ಸಣ್ಣ, ತೆಳು ಸಿಪ್ಪೆಯ ನಿಂಬೆಯಲ್ಲಿ ಈ ಅಂಶ ದಂಡಿಯಾಗಿದೆ. ಬಿಸಿಲಿನ ಮಾತು ಹಾಗಿರಲಿ, ಹುಳಿಯ ಲೆಕ್ಕವನ್ನೇ ನೋಡಿ: ಚರ್ಮದ ಪಿಎಚ್ ಸುಮಾರು 5, ನಿಂಬೆರಸದ್ದು 2ರ ಆಸುಪಾಸು. ಈ ಅಳತೆಯಲ್ಲಿ ಒಂದು ಮೆಟ್ಟಿಲು ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ. ಮೂರು ಮೆಟ್ಟಿಲು ಇಳಿದರೆ ಎಷ್ಟೆಂದು ನೀವೇ ಗುಣಿಸಿ. ಅಡುಗೆ ಸೋಡಾದ ಕತೆ ಇದರ ತಿರುಗುಮುರುಗು, ಅದು 8ರ ಮೇಲೆ. ಎರಡೂ ಮುಖಕ್ಕೆ ಸಲ್ಲವು.

ಅರಿಶಿನವಾದರೂ ನಮ್ಮದೇ ಅಲ್ಲವೇ ಎನ್ನಬಹುದು. ಕಸ್ತೂರಿ ಅರಿಶಿನ ಬೇರೆ, ಸಾರಿಗೆ ಹಾಕುವ ಅರಿಶಿನ ಬೇರೆ ಎಂಬುದು ಮದುವೆಮನೆಯಲ್ಲಿ ಎಣ್ಣೆ-ಅರಿಶಿನ ಹಚ್ಚುವ ಹಿರಿಯರಿಗೆ ಚೆನ್ನಾಗಿ ಗೊತ್ತು. ಬಿಡಿಯಾಗಿ ಕೊಂಡ ಪುಡಿಗೆ ಹೊಳಪು ಬರಲೆಂದು ಸೀಸದ ಕ್ರೋಮೇಟ್ ಬೆರೆಸಿದ್ದು ನಮ್ಮ ಉಪಖಂಡದಲ್ಲಿ ಪತ್ತೆಯಾಗಿದೆ. ಅದು ಹೊಟ್ಟೆಗೂ ವಿಷ. ಕೊಂಬು ಕೊಂಡು ಒಣಗಿಸಿ ಪುಡಿ ಮಾಡಿಸುವ ಪದ್ಧತಿ ಊರಿನಲ್ಲಿ ಇನ್ನೂ ಇದ್ದರೆ ಅಮ್ಮನಿಗೆ ಹೇಳಿ ಒಂದು ಡಬ್ಬಿ ತರಿಸಿಕೊಳ್ಳಿ. ಕಡಲೆಹಿಟ್ಟು, ಕೆನೆ, ಲೋಳೆಸರ ಬಹುಮಂದಿಗೆ ತೊಂದರೆ ಕೊಡುವುದಿಲ್ಲ, ಆದರೂ ಅವಕ್ಕೂ ಮೊಣಕೈ ಪರೀಕ್ಷೆಯೇ ಮೊದಲು. ಟೂತ್‌ಪೇಸ್ಟನ್ನು ಮೊಡವೆಗೆ ಹಚ್ಚುವುದನ್ನು ಯಾರು ಶುರು ಮಾಡಿದರೋ!

ಇನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಬೇಕಾದ ಮಾತು. ಬ್ಯೂಟಿ ಪಾರ್ಲರಿನಲ್ಲಿ ಪುಟ್ಟ ಡಬ್ಬಿಗೆ ತುಂಬಿ ಕೊಡುವ, ಲೇಬಲ್ಲೇ ಇಲ್ಲದ ‘ಗ್ಲೋ ಕ್ರೀಮ್’ ಬೇಡ. ‘ಮೂರೇ ದಿನಕ್ಕೆ ಬೆಳ್ಳಗೆ’ ಎನ್ನುವುದಂತೂ ಬೇಡವೇ ಬೇಡ. ಮೂರು ದಿನಕ್ಕೆ ಹೊಳಪು ಬಂದರೆ ಅದರಲ್ಲಿ ಸ್ಟೀರಾಯ್ಡ್ ಇರುವ ಸಂಶಯ ಪಡಲೇಬೇಕು. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂಬ ಹೆಸರುಗಳನ್ನು ನೆನಪಿಟ್ಟುಕೊಳ್ಳಿ. ಇವು ಔಷಧಗಳು, ಡಾಕ್ಟರು ಹೇಳಿದ ಕಾಯಿಲೆಗೆ, ಹೇಳಿದಷ್ಟು ದಿನ ಮಾತ್ರ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ರಕ್ತನಾಳ ಕಾಣುತ್ತದೆ, ಕೆನ್ನೆಯಲ್ಲಿ ಕೂದಲು ಬೆಳೆಯುತ್ತದೆ. ಬಿಟ್ಟರೆ ಮುಖ ಕೆಂಪಾಗಿ ಉರಿಯುತ್ತದೆ, ಉರಿ ತಾಳದೆ ಮತ್ತೆ ಅದನ್ನೇ ಹಚ್ಚುವಂತಾಗುತ್ತದೆ. ದೇಶದ ಚರ್ಮತಜ್ಞರು ವರ್ಷಾನುಗಟ್ಟಲೆ ಕೂಗಿ ಹೇಳಿದ ಮೇಲೆ, 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಚ್ಚುವ ಸ್ಟೀರಾಯ್ಡುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಎಚ್ ಪಟ್ಟಿಗೆ ಸೇರಿಸಿತು. ಆದರೂ ಮೆಡಿಕಲ್ ಶಾಪಿನಲ್ಲಿ ‘ಅಕ್ಕ, ಮುಖಕ್ಕೆ ಒಂದು ಒಳ್ಳೆ ಟ್ಯೂಬ್ ಕೊಡಿ’ ಎಂದರೆ ಕೊಡುವವರು ಇದ್ದಾರೆ. ನೀವು ಹಾಗೆ ಕೇಳಬೇಡಿ.

ಸ್ಟೀರಾಯ್ಡಿಗಿಂತ ಕೆಟ್ಟದ್ದು ಪಾದರಸ. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ 2021ರಿಂದ 2023ರ ನಡುವೆ ಮೂತ್ರಪಿಂಡದ ಒಂದು ಅಪರೂಪದ ಕಾಯಿಲೆಯವರು ಒಬ್ಬರ ಹಿಂದೊಬ್ಬರು ಆಸ್ಪತ್ರೆಗೆ ಬರತೊಡಗಿದರು. ಅಲ್ಲಿನ ವೈದ್ಯರು ಕೇಳುತ್ತ ಹೋದಾಗ ಅವರಲ್ಲಿ ಬಹುತೇಕರು ಬಿಳಿ ಮಾಡುವ ಕ್ರೀಮು ಹಚ್ಚುತ್ತಿದ್ದರೆಂದು ತಿಳಿಯಿತು. ಕ್ರೀಮಿನಲ್ಲಿ ಪಾದರಸವಿತ್ತು. ಹಚ್ಚಿದ್ದು ಮುಖಕ್ಕೆ, ಪೆಟ್ಟು ಬಿದ್ದದ್ದು ಮೂತ್ರಪಿಂಡಕ್ಕೆ. ಇಂಥ ಕ್ರೀಮುಗಳಲ್ಲಿ ಪಾದರಸ ಬೆರೆಸುವಂತಿಲ್ಲ ಎಂದು ನಮ್ಮ 2020ರ ಸೌಂದರ್ಯವರ್ಧಕ ನಿಯಮಗಳು ಹೇಳುತ್ತವೆ. ತಯಾರಿಕೆಯಲ್ಲಿ ಅರಿಯದೆ ಸೇರಿದರೂ ಹತ್ತು ಲಕ್ಷ ಭಾಗದಲ್ಲಿ ಒಂದನ್ನು ಮೀರಕೂಡದು. ಆದರೆ ನಿಯಮ ಪಾಲಿಸುವವರು ಲೇಬಲ್ ಅಂಟಿಸುವವರು ಮಾತ್ರ. ಆದ್ದರಿಂದ ಡಬ್ಬಿಯನ್ನು ತಿರುಗಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ತಯಾರಿಸಿದವರ ಹೆಸರು, ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಅವಧಿ ಮುಗಿಯುವ ದಿನ ಇರಲೇಬೇಕು. ವಿದೇಶದ್ದಾದರೆ ಆಮದು ಮಾಡಿಕೊಂಡವರ ಹೆಸರು, ನೋಂದಣಿ ಸಂಖ್ಯೆ ಇರಬೇಕು. ದುಬೈಯಿಂದ ಯಾರದೋ ಅಣ್ಣ ತಂದದ್ದು, ಪರಿಚಯದ ಅಕ್ಕ ವಾಟ್ಸ್ಆಪಿನಲ್ಲಿ ಮಾರುವುದು, ಇವಕ್ಕೆ ಇದಾವುದೂ ಇರುವುದಿಲ್ಲ. ಒಳಗೇನಿದೆ ಎಂಬ ಪಟ್ಟಿಯಲ್ಲಿ ಹೆಚ್ಚಿಗೆ ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ ಬರುತ್ತದೆ. ಡಬ್ಬಿಯ ಮುಂದೆ ದೊಡ್ಡದಾಗಿ ಕೇಸರಿಯ ಚಿತ್ರ ಹಾಕಿ, ಹಿಂದಿನ ಪಟ್ಟಿಯಲ್ಲಿ ಕೇಸರಿಯನ್ನು ಕಟ್ಟಕಡೆಗೆ, ಪರಿಮಳ ದ್ರವ್ಯದ ನೆರೆಯಲ್ಲಿ ಕೂರಿಸಿರುವುದನ್ನು ಕಂಡರೆ ನಗು ಬರುತ್ತದೆ.

ಇಷ್ಟು ಅಂಜಿಕೆ ಸಾಕು. ಈಗ ಧೈರ್ಯದ ಮಾತು.

ಮಹಡಿಯ ಅಡುಗೆಮನೆಯಲ್ಲಿ ಆಂಟಿ ಎಲ್ಲರಿಗೂ ಮೊದಲು ಕಲಿಸುವುದು ತಿಳಿಸಾರು. ಮೂರು ಲೀಟರಿನ ಕುಕ್ಕರಿಗೆ ಒಂದು ಹಿಡಿ ತೊಗರಿಬೇಳೆ ತೊಳೆದು ಹಾಕಿ, ಚಿಟಿಕೆ ಅರಿಶಿನ, ಎರಡು ಹನಿ ಎಣ್ಣೆ, ಬೇಳೆ ಮುಳುಗಿ ಮೇಲೆ ಎರಡು ಬೆರಳು ನೀರು. ನಾಲ್ಕು ಕೂಗು ಕೂಗಿದ ಮೇಲೆ ಒಲೆ ಆರಿಸಿ, ಆವಿ ತಾನಾಗಿ ಇಳಿಯಲಿ. ಉಪ್ಪು-ಹುಳಿಯನ್ನು ಬೇಳೆಯ ಜೊತೆಗೇ ಕುಕ್ಕರಿಗೆ ಸುರಿದುಬಿಡುವುದು ಹೊಸಬರು ಮಾಡುವ ಕೆಲಸ. ಹುಣಸೆಹುಳಿ ಸೇರಿದರೆ ಬೇಳೆ ಮೆತ್ತಗಾಗದೆ ಹಟ ಹಿಡಿದು ಕೂರುತ್ತದೆ. ಹುಳಿಗೆ ಬೇರೆ ಪಾತ್ರೆ: ಹೆಚ್ಚಿದ ಟೊಮೆಟೊ, ಒಂದು ಗೋಲಿ ಗಾತ್ರದ ಹುಣಸೆ ಕಿವುಚಿದ ರಸ, ಎರಡು ಚಮಚ ಸಾರಿನಪುಡಿ, ಉಪ್ಪು, ಅಡಿಕೆಯಷ್ಟು ಬೆಲ್ಲ. ಹಸಿ ವಾಸನೆ ಹೋಗುವ ತನಕ ಇದು ಕುದಿಯಬೇಕು, ಅವಸರ ಬೇಡ. ಆಮೇಲೆ ಮಸೆದ ಬೇಳೆ, ಬೇಕಾದಷ್ಟು ನೀರು. ಈಗ ಪಾತ್ರೆಯ ಎದುರು ನಿಂತುಕೊಂಡಿರಿ, ಫೋನ್ ಪಕ್ಕಕ್ಕಿಡಿ. ಅಂಚಿನಿಂದ ನೊರೆ ಎದ್ದು ನಡುವಿಗೆ ಬರುವ ಹೊತ್ತಿಗೆ ಇಳಿಸಬೇಕು, ಕುದಿಸಿದಷ್ಟೂ ಪರಿಮಳ ಹಾರಿಹೋಗುತ್ತದೆ. ತುಪ್ಪ ಕಾಯಿಸಿ ಸಾಸಿವೆ ಚಟಪಟ ಎಂದ ಮೇಲೆ ಇಂಗು, ಕರಿಬೇವು. ಸೊಂಯ್ ಎಂದು ಒಗ್ಗರಣೆ ಬಿದ್ದಾಗ ಪಕ್ಕದ ಕೋಣೆಯ ಬಾಗಿಲು ತೆರೆಯುತ್ತದೆ, ಪರೀಕ್ಷೆ ಬೇಕಾದರೆ ಮಾಡಿ.

ಸಿಂಧನೂರಿನ ಹುಡುಗಿ ಮೊದಲ ಸಲ ಮಾಡಿದ ಸಾರು ಕಹಿಯಾಗಿತ್ತು. ಸಾಸಿವೆ ಕರಕಲಾಗಿತ್ತು. ಎರಡನೆಯದು ಉಪ್ಪು. ಅವಳಿಗೆ ಒಂದು ಚೂರೂ ನಾಚಿಕೆಯಿಲ್ಲ, ‘ನಾಳೆ ನೋಡ್ರೀ ಆಂಟಿ’ ಎಂದು ಮತ್ತೆ ಬೇಳೆ ತೊಳೆದಳು. ಈಗ ಅವಳ ಶೇಂಗಾ ಚಟ್ನಿಪುಡಿ, ಜೋಳದ ರೊಟ್ಟಿ ಕೆಳಗಿನ ಮನೆಗೂ ಇಳಿದು ಬರುತ್ತವೆ. ರೊಟ್ಟಿ ಬಡಿಯುವ ಸದ್ದಿಗೆ ಮೊದಮೊದಲು ಪಕ್ಕದ ಮನೆಯವರು ಏನೋ ಕೆಲಸ ನಡೆಯುತ್ತಿದೆ ಎಂದುಕೊಂಡಿದ್ದರು.

ಪಿ.ಜಿ.ಯಲ್ಲಿ ಒಲೆ ಇಡಲು ಬಿಡುವುದಿಲ್ಲ ಎಂದು ನಿಮ್ಮಲ್ಲಿ ಅರ್ಧ ಮಂದಿ ಹೇಳುತ್ತೀರಿ. ನಿಜ. ಒಲೆಯೇ ಬೇಡದ ಅಡುಗೆ ನಮ್ಮಲ್ಲಿ ಕಡಿಮೆಯೇ? ಹೆಸರುಬೇಳೆ ಅರ್ಧ ಗಂಟೆ ನೆನೆಹಾಕಿ ನೀರು ಬಸಿದು, ಸೌತೆಕಾಯಿ ಹೆಚ್ಚಿ ಹಾಕಿ, ಕ್ಯಾರೆಟ್ ತುರಿದು, ಕಾಯಿತುರಿ, ಕೊತ್ತಂಬರಿ ಸೇರಿಸಿ, ನಿಂಬೆ ಹಿಂಡಿದರೆ ಕೋಸಂಬರಿ. ಉಪ್ಪು ಮಾತ್ರ ತಿನ್ನುವ ಹೊತ್ತಿಗೆ ಹಾಕಿ, ಮೊದಲೇ ಹಾಕಿದರೆ ಸೌತೆ ನೀರು ಬಿಡುತ್ತದೆ. ತೆಳು ಅವಲಕ್ಕಿಗೆ ಮೊಸರು, ಉಪ್ಪಿನಕಾಯಿ ಸಾಕು. ಊರಿನಿಂದ ಬರುವಾಗ ರಾಗಿಯ ಹುರಿಹಿಟ್ಟು ತಂದಿಟ್ಟುಕೊಂಡರೆ ಮಜ್ಜಿಗೆಯಲ್ಲಿ ಕಲಸಿ ಕುಡಿಯಬಹುದು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ. ಅದಕ್ಕೆ ಯಾರೂ ರೀಲ್ಸ್ ಮಾಡುವುದಿಲ್ಲ, ರಾಗಿಗೆ ಕಮಿಷನ್ ಕೊಡುವವರು ಯಾರು?

ಅಡುಗೆಯ ಮಾತಿಗೂ ಕನ್ನಡಿಯ ಮಾತಿಗೂ ನಂಟು ಇರುವುದು ಇಲ್ಲೇ. ‘ಕೂದಲು ಉದುರುತ್ತಿದೆ’ ಎಂದು ನೀವು ಕೊಳ್ಳುವ ಎಣ್ಣೆ, ಸೀರಂ, ಬಯೋಟಿನ್ ಗಮ್ಮಿಗಳ ಹಿಂದೆ ಅನೇಕ ಸಲ ಇರುವುದು ರಕ್ತಹೀನತೆ, ಇಲ್ಲವೇ ಊಟ ಬಿಟ್ಟು ತೂಕ ಇಳಿಸುವ ಚಟ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ. ಬಯೋಟಿನ್ ಕೊರತೆಯೋ ತೀರ ಅಪರೂಪ. ಆ ಮಾತ್ರೆ ಹೆಚ್ಚಾದರೆ ಥೈರಾಯ್ಡ್ ರಕ್ತಪರೀಕ್ಷೆಯ ಫಲಿತಾಂಶವೇ ತಪ್ಪಾಗಿ ಬರಬಹುದು, ಆದ್ದರಿಂದ ಪರೀಕ್ಷೆಗೆ ಹೋಗುವಾಗ ತೆಗೆದುಕೊಳ್ಳುತ್ತಿದ್ದೀರೆಂದು ಹೇಳಿ. ದಂಟಿನ ಸೊಪ್ಪು, ನುಗ್ಗೆಸೊಪ್ಪು, ಹುರುಳಿಕಾಳು ವಾರದಲ್ಲಿ ಕೆಲವು ಸಲವಾದರೂ ತಟ್ಟೆಗೆ ಬರಲಿ. ಅದರ ಮೇಲೆ ನಿಂಬೆ ಹಿಂಡಿ. ಸೊಪ್ಪು-ಕಾಳಿನ ಕಬ್ಬಿಣಾಂಶವನ್ನು ಮೈ ಹೀರಿಕೊಳ್ಳಲು ವಿಟಮಿನ್ ಸಿ ನೆರವಾಗುತ್ತದೆ, ಊಟದ ಜೊತೆಗೇ ಕುಡಿದ ಟೀ-ಕಾಫಿ ಅಡ್ಡಿ ಮಾಡುತ್ತದೆ. ಕತ್ತು ಸುಟ್ಟ ನಿಂಬೆಗೆ ಸರಿಯಾದ ಜಾಗ ಬಸ್ಸಾರಿನ ಪಲ್ಯ. ಊಟ ಸರಿಮಾಡಿಕೊಂಡೂ ಕೂದಲು ಉದುರುವುದು ನಿಲ್ಲದಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಅದಕ್ಕೆ ಒಂದು ಸೀರಮ್ಮಿನ ಬೆಲೆಯೂ ಆಗದು.

ಹುಡುಗರೇ, ‘ಇದು ಹುಡುಗಿಯರ ಮಾತು’ ಎಂದು ಪುಟ ತಿರುಗಿಸಬೇಡಿ. ಗಡ್ಡ ದಟ್ಟವಾಗಲೆಂದು ಎಣ್ಣೆ ಹಚ್ಚುವವರು, ಕಟಿಂಗ್ ಶಾಪಿನಲ್ಲಿ ಯಾವ ಕ್ರೀಮೆಂದು ಕೇಳದೆ ಫೇಶಿಯಲ್‌ಗೆ ಮುಖ ಒಡ್ಡುವವರು ನೀವೇ. ‘ಅಡುಗೆ ಬರಲ್ಲ’ ಎನ್ನುವುದನ್ನು ಹೆಮ್ಮೆಯಿಂದ ಹೇಳುವವರೂ ಹೆಚ್ಚಾಗಿ ನೀವೇ. ಉಡುಪಿಯ ಕಡೆ ನೂರಾರು ಜನರಿಗೆ ಹುಳಿ-ಸಾರು ಇಳಿಸುವ ಅಡುಗೆ ಭಟ್ಟರು ಹೆಚ್ಚಾಗಿ ಗಂಡಸರೇ ಎಂಬುದು ನೆನಪಿರಲಿ.

ಕೊನೆಯದಾಗಿ ಕೆಲವು ಕೋರಿಕೆಗಳು. ಮುಂದಿನ ಸಂಬಳ ಬಂದಾಗ ಹೊಸ ಸೀರಂ ಕಾರ್ಟಿಗೆ ಹಾಕುವ ಮೊದಲು, ಈಗಾಗಲೇ ತೆರೆದಿರುವ ಬಾಟಲಿಗಳನ್ನು ಸಾಲಾಗಿ ಇಟ್ಟು ದಿನಾಂಕ ನೋಡಿ. ತೆರೆದ ಡಬ್ಬಿಯ ಚಿತ್ರದೊಳಗೆ 6 ಅಥವಾ 12 ಎಂದಿದ್ದರೆ ತೆರೆದ ಮೇಲೆ ಅಷ್ಟೇ ತಿಂಗಳು ಬಳಸಬೇಕೆಂದು ಅರ್ಥ. ಕಂದು ತಿರುಗಿದ ವಿಟಮಿನ್ ಸಿ ಕೆಲಸಕ್ಕೆ ಬಾರದು, ಎಸೆಯಿರಿ. ಮುಖ ತೊಳೆಯಲು ಒಂದು, ಒಣಗದಂತೆ ಒಂದು, ಹಗಲಿಗೆ ಸನ್‌ಸ್ಕ್ರೀನ್ ಒಂದು, ಬಹುಮಂದಿಗೆ ಇಷ್ಟು ಸಾಕೆಂದು ಚರ್ಮದ ಡಾಕ್ಟರುಗಳೇ ಹೇಳುತ್ತಾರೆ. ಉಳಿದ ದುಡ್ಡಿನಲ್ಲಿ, ಒಲೆಯಿರುವವರು ಒಂದು ಸಣ್ಣ ಕುಕ್ಕರ್ ಕೊಳ್ಳಿ. ಮನೆಗೆ ಫೋನ್ ಮಾಡಿದಾಗ ಸಾರಿನಪುಡಿಯ ಅಳತೆ ಕೇಳಿ ಬರೆದಿಟ್ಟುಕೊಳ್ಳಿ. ಅಮ್ಮ ‘ಕಣ್ಣಳತೆ’ ಎಂದು ತಪ್ಪಿಸಿಕೊಂಡರೆ ಬಿಡಬೇಡಿ, ಚಮಚದಲ್ಲಿ ಹೇಳಿಸಿ.

ಈಗಾಗಲೇ ಮುಖ ಕೆಂಪಾಗಿ ಉರಿಯುತ್ತಿರುವವರು ಇದನ್ನು ಓದುತ್ತಿದ್ದರೆ, ಇನ್ನೊಂದು ಹೊಸದನ್ನು ಹಚ್ಚಿ ಹಳೆಯದನ್ನು ಸರಿಮಾಡಲು ಹೋಗಬೇಡಿ. ಬೌರಿಂಗ್, ವಿಕ್ಟೋರಿಯಾ ಆಸ್ಪತ್ರೆಗಳಲ್ಲಿ ಚರ್ಮರೋಗದ ವಿಭಾಗಗಳಿವೆ, ಖಾಸಗಿ ಶುಲ್ಕ ಭರಿಸಲಾಗದವರು ಅಲ್ಲಿಗೆ ಹೋಗಬಹುದು. ಹೋಗುವಾಗ ಹಚ್ಚಿದ ಟ್ಯೂಬು, ಡಬ್ಬಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಲೇಬಲ್ ಇಲ್ಲದ್ದನ್ನೂ ಬಿಡಬೇಡಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.

ಇಂತಿ ನಿಮ್ಮ ಹಿತೈಷಿ,
ಮಹಡಿ ಮನೆಯ ಆಂಟಿ
ವಿಜಯನಗರ, ಬೆಂಗಳೂರು